ಗೃಹದೂರವಾಣಿಯ ಎರಡು ಪದ್ಧತಿಗಳು: ತಂತಿ ಮತ್ತು ಅಂತರ್ಜಾಲಗಳ ಸಹವಾಸದ ಚರಿತ್ರೆ

೧

ದೂರವಾಣಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಒಂದರ ಹಿಂದೊಂದರಂತೆ ಬಂದ ಯುಗಗಳನ್ನಾಗಿ ವಿಭಾಗಿಸುವರು. ತಂತಿಯ ಯುಗವು ಮುಗಿದು ಅಂತರ್ಜಾಲದ ಯುಗವು ಮೊದಲಾಯಿತೆಂಬ ಮಾತು ಈ ಬಗೆಯದು. ಇಂಥ ವಿಭಾಗದಿಂದ ಸೌಕರ್ಯವುಂಟು. ಆದರೆ ಅದು ಎಷ್ಟರಮಟ್ಟಿಗೆ ದಾರಿತಪ್ಪಿಸಬಲ್ಲುದೆಂಬುದನ್ನು ಕನ್ನಡ ಸಾಹಿತ್ಯಚರಿತ್ರೆಯನ್ನು ಬೋಧಿಸುವವರಿಗೆ ಹೇಳಬೇಕಾದುದಿಲ್ಲ. ವಚನಗಳ ಕಾಲವೆಂದು ನಾವು ಹೆಸರಿಟ್ಟ ಕಾಲದಲ್ಲಿಯೂ ಅದರ ಮುಂದೆಯೂ ಚಂಪೂಕಾವ್ಯಗಳು ಹುಟ್ಟುತ್ತಲೇ ಇದ್ದುವು. ಹಳೆಯದು ಹೊಸದಕ್ಕೆ ಒಡನೆಯೇ ಸ್ಥಳವನ್ನು ಬಿಟ್ಟುಕೊಡುವುದಿಲ್ಲ. ಎರಡೂ ಕೆಲವು ಕಾಲ ಒಂದೇ ಮನೆಯಲ್ಲಿ ಬಾಳುತ್ತವೆ. ಆ ಸಹವಾಸದ ಕಾಲದಲ್ಲಿಯೇ ಹಳೆಯದರ ಗುಣವೇನು, ಹೊಸದರ ಕೊರತೆಯೇನು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಕ್ರಿ. ಶ. ೨೦೦೦ದಿಂದೀಚೆಗೆ ಮುಖ್ಯವಾಗಿ ಅಮೆರಿಕದ ಮನೆಗಳಲ್ಲಿ ತಂತಿಯ ದೂರವಾಣಿಯ ಪಕ್ಕದಲ್ಲಿಯೇ ಅಂತರ್ಜಾಲದ ದೂರವಾಣಿಯನ್ನು ಸ್ಥಾಪಿಸಿಕೊಳ್ಳುವ ಪದ್ಧತಿಯೊಂದು ಬೆಳೆಯಿತು. ಇದಕ್ಕೆ ಸಾಧನವಾದುದು ಅಂಗೈಯಗಲದ ಒಂದು ಪೆಟ್ಟಿಗೆ. ಈ ಪೆಟ್ಟಿಗೆಯ ಪೂರ್ವೇತಿಹಾಸವನ್ನೂ, ಅದು ಮನೆಯೊಳಗೆ ಮಾಡಿದ ಕಾರ್ಯವನ್ನೂ, ಭಾರತದಲ್ಲಿ ಅದಕ್ಕೆ ಒದಗಿದ ಅಡ್ಡಿಯನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿವೇಚನೆಯಿಂದ ಒಂದು ವಿಷಯವು ಸಿದ್ಧವಾಗುವುದೆಂದು ನನ್ನ ನಂಬಿಕೆ. ಅದೇನೆಂದರೆ: ತಂತಿಯಿಂದ ಅಂತರ್ಜಾಲಕ್ಕೆ ಆದ ಸಂಕ್ರಮಣವು ಕೇವಲ ವಾಹಕದ ಬದಲಾವಣೆಯಲ್ಲ, ಕೇಂದ್ರವು ಹೊತ್ತಿದ್ದ ಹೊಣೆಯು ಒಂದೊಂದಾಗಿ ಮನೆಯವನ ಹೆಗಲಿಗೆ ದಾಟಿದ ಕಥೆ.

೨

ಅಲೆಗ್ಸಾಂಡರ್ ಗ್ರಹಾಂ ಬೆಲ್ಲನಿಗೆ ಅಮೆರಿಕದ ಹಕ್ಕುಪತ್ರವು ದೊರೆತುದು ೧೮೭೬ನೆಯ ಮಾರ್ಚಿ ೭ರಂದು. ಆರು ವರ್ಷಗಳೊಳಗೆ, ೧೮೮೨ನೆಯ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸು ನಗರಗಳಲ್ಲಿ ಓರಿಯಂಟಲ್ ಟೆಲಿಫೋನ್ ಕಂಪೆನಿಯ ವಿನಿಮಯಕೇಂದ್ರಗಳು ಸ್ಥಾಪಿತವಾದುವು. ಕಲ್ಕತ್ತೆಯ ಕೇಂದ್ರಕ್ಕೆ ಮೊದಲಲ್ಲಿದ್ದ ಚಂದಾದಾರರು ೯೩ ಮಂದಿ. ಆ ಕಾಲದ ಉಪಕರಣಕ್ಕೆ ಬೇಕಾದ ವಿದ್ಯುಚ್ಛಕ್ತಿಯು ಚಂದಾದಾರನ ಮನೆಯಲ್ಲಿಯೇ ಇರುತ್ತಿದ್ದಿತು. ಮಾತಿಗೆ ಅಲ್ಲಿಯ ಬ್ಯಾಟರಿಯೂ, ಗಂಟೆ ಬಾರಿಸಲು ಕೈಯಿಂದ ತಿರುಗಿಸುವ ಹಿಡಿಯೂ ಆಧಾರ. ೧೮೯೦ರ ದಶಕದಿಂದ ಈ ಏರ್ಪಾಡು ಬದಲಾಯಿಸಿತು. ವಿನಿಮಯಕೇಂದ್ರದಲ್ಲಿ ಒಂದು ದೊಡ್ಡ ಬ್ಯಾಟರಿಯನ್ನಿಟ್ಟು ಅಲ್ಲಿಂದಲೇ ಎಲ್ಲ ಮನೆಗಳಿಗೂ ತಂತಿಯ ಮೂಲಕ ಶಕ್ತಿಯನ್ನು ಒದಗಿಸುವ ಕ್ರಮವು ಬಳಕೆಗೆ ಬಂದಿತು.

ಇದು ಚಿಕ್ಕ ಮಾತೆಂದು ತೋರಬಹುದು. ಆದರೆ ಗೃಹದೂರವಾಣಿಯ ಸ್ವರೂಪವು ನಿಶ್ಚಿತವಾದುದು ಇದರಿಂದಲೇ. ಸುಮಾರು ೪೮ ವೋಲ್ಟುಗಳ ಒತ್ತಡವು ಎಡೆಬಿಡದೆ ತಂತಿಯಲ್ಲಿರುವುದು. ಚಂದಾದಾರನು ರಿಸೀವರನ್ನು ಎತ್ತಿದೊಡನೆ ಪ್ರವಾಹವು ಹರಿದು ಕೇಂದ್ರಕ್ಕೆ ಸೂಚನೆಯಾಗುವುದು. ಕರೆ ಬಂದಾಗ ಕೇಂದ್ರವೇ ಹೆಚ್ಚಿನ ಒತ್ತಡದ ಪರ್ಯಾಯಪ್ರವಾಹವನ್ನು ಕಳುಹಿಸಿ ಗಂಟೆಯನ್ನು ಬಾರಿಸುವುದು. ಊರಿಗೆ ಊರೇ ಕತ್ತಲೆಯಲ್ಲಿ ಮುಳುಗಿದ್ದರೂ ದೂರವಾಣಿಯು ಮಾತನಾಡುತ್ತಿದ್ದುದಕ್ಕೆ ಇದೇ ಕಾರಣ. ಆಲ್ಮನ್ ಸ್ಟ್ರೌಜರನ ಸ್ವಯಂಚಾಲಿತ ಕೇಂದ್ರವು ೧೮೯೨ರಲ್ಲಿ ಇಂಡಿಯಾನ ಸಂಸ್ಥಾನದ ಲಾ ಪೋರ್ಟಿನಲ್ಲಿಯೂ, ಭಾರತದಲ್ಲಿ ಆ ಜಾತಿಯ ಮೊದಲನೆಯ ಕೇಂದ್ರವು ೧೯೧೩-೧೪ರಲ್ಲಿ ಸಿಮ್ಲೆಯಲ್ಲಿಯೂ ನೆಲೆಗೊಂಡುವು. ಶಕ್ತಿಯ ಜೊತೆಗೆ ಬುದ್ಧಿಯೂ ಕೇಂದ್ರದ ಯಂತ್ರದಲ್ಲಿ ನೆಲೆಸಿತು. ಮನೆಯಲ್ಲಿದ್ದ ಉಪಕರಣವು ಕಿವಿ ಬಾಯಿಗಳು ಮಾತ್ರ.

ಹೀಗೆ ರೂಪುಗೊಂಡ ಪದ್ಧತಿಯಲ್ಲಿ ನಾಲ್ಕು ಬಂಧಗಳನ್ನು ಎಣಿಸಬಹುದು. ಮಾತು ಒಂದು ಗೊತ್ತಾದ ತಂತಿಗೆ ಬದ್ಧ. ಸಂಖ್ಯೆಯು ಒಂದು ಸ್ಥಳಕ್ಕೆ ಬದ್ಧ. ಉಪಕರಣವು ಕಂಪೆನಿಯ ಅಥವಾ ಸರ್ಕಾರದ ಒಡೆತನಕ್ಕೆ ಬದ್ಧ. ಶಕ್ತಿಯು ಕೇಂದ್ರಕ್ಕೆ ಬದ್ಧ. ಮುಂದಿನ ಚರಿತ್ರೆಯೆಲ್ಲವೂ ಈ ಬಂಧಗಳ ಸಡಿಲಿಕೆಯೇ ಆಗಿದೆ.

೩

ಮೊದಲು ಸಡಿಲಿದುದು ಒಡೆತನದ ಬಂಧ. ಅಮೆರಿಕದಲ್ಲಿ ಎ. ಟಿ. ಅಂಡ್ ಟಿ. ಕಂಪೆನಿಯು ತನ್ನ ಜಾಲಕ್ಕೆ ಪರರ ಉಪಕರಣವಾವುದನ್ನೂ ತಗುಲಿಸಕೂಡದೆಂದು ವಿಧಿಸಿತ್ತು. ಮಾತು ಪಕ್ಕದವರಿಗೆ ಕೇಳಿಸದಂತೆ ಬಾಯಿಗೆ ಹೊಂದಿಸುವ 'ಹಷ್-ಎ-ಫೋನ್' ಎಂಬ ಒಂದು ಬಟ್ಟಲಿಗೂ ಈ ನಿಷೇಧವು ತಟ್ಟಿತು; ೧೯೫೬ರಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಬಳಿಕ ಟೆಕ್ಸಾಸಿನ ಥಾಮಸ್ ಕಾರ್ಟರನ 'ಕಾರ್ಟರ್‌ಫೋನ್' ಎಂಬ ಸಾಧನದ ವ್ಯಾಜ್ಯವು ಬಂದಿತು. ರೇಡಿಯೋ ಮೂಲಕ ಮಾತನಾಡುವವನನ್ನು ದೂರವಾಣಿಯವನೊಡನೆ ಕೂಡಿಸುತ್ತಿದ್ದ ಸಾಧನವದು. ಜಾಲಕ್ಕೆ ಹಾನಿಮಾಡದ ಸಾಧನವನ್ನು ಕೂಡಿಸುವ ಹಕ್ಕು ಚಂದಾದಾರನಿಗುಂಟೆಂದು ೧೯೬೮ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು ತೀರ್ಮಾನಿಸಿತು. ಮುಂದೆ ೧೯೭೦ರ ದಶಕದಲ್ಲಿ ಉಪಕರಣಗಳ ನೋಂದಣಿಯ ನಿಯಮಗಳೂ, ಯಾರು ಬೇಕಾದರೂ ಸಿಕ್ಕಿಸಬಹುದಾದ ಪುಟ್ಟ ಪ್ಲಗ್ಗೂ ಜಾರಿಗೆ ಬಂದುವು. ಈ ತೀರ್ಮಾನವಿಲ್ಲದಿದ್ದರೆ ನಾವು ಮುಂದೆ ಹೇಳಲಿರುವ ಪೆಟ್ಟಿಗೆಗೆ ಗೋಡೆಯ ಸಾಕೆಟ್ಟಿನಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಭಾರತದಲ್ಲಿ ಪರಿಸ್ಥಿತಿಯು ಬೇರೆ. ೧೮೮೫ನೆಯ ಟೆಲಿಗ್ರಾಫ್ ಶಾಸನವು ತಂತಿಯ ವ್ಯವಸ್ಥೆಯನ್ನು ಸ್ಥಾಪಿಸುವ ಏಕಾಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸ್ವಾತಂತ್ರ್ಯಾನಂತರವೂ ಅದೇ ಮೂಲವಾಗಿ ಉಳಿಯಿತು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಆರಂಭವಾಯಿತು. ಅದರ ಸುತ್ತಲ ಬಡಾವಣೆಗೆ ಇಂದಿಗೂ 'ದೂರವಾಣಿನಗರ'ವೆಂದೇ ಹೆಸರು. ದೇಶದ ಎಷ್ಟೋ ಮನೆಗಳ ಕಪ್ಪು ದೂರವಾಣಿಯು ಇಲ್ಲಿಯೇ ತಯಾರಾಯಿತು. ಆದರೆ ಮನೆಗೆ ಬಂದ ಮೇಲೆಯೂ ಅದು ಬಹುಕಾಲ ಇಲಾಖೆಯ ಸ್ವತ್ತಾಗಿಯೇ ಇದ್ದಿತು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು ೧೯೮೬ರಲ್ಲಿ ಕಿತ್ತೂರಿನಲ್ಲಿ ಮೊದಲು ನೆಲೆಗೊಂಡಿತೆಂಬುದು ಕರ್ನಾಟಕದವರು ನೆನೆಯಬೇಕಾದ ಸಂಗತಿ. ಆದರೂ ಅದು ಕೇಂದ್ರವನ್ನು ಹಳ್ಳಿಯ ಹತ್ತಿರಕ್ಕೆ ತಂದಿತೇ ಹೊರತು, ಕೇಂದ್ರದ ಅಧಿಕಾರವನ್ನು ಮನೆಯೊಳಕ್ಕೆ ತರಲಿಲ್ಲ.

೪

ಎರಡನೆಯದು, ಮಾತಿಗೂ ತಂತಿಗೂ ಇದ್ದ ಬಂಧ. ಹಳೆಯ ಪದ್ಧತಿಯಲ್ಲಿ ಕರೆಯು ಮುಗಿಯುವವರೆಗೆ ಒಂದು ಮಾರ್ಗವು ಇಬ್ಬರಿಗಾಗಿಯೇ ಮೀಸಲು. ಸಂದೇಶವನ್ನು ತುಂಡರಿಸಿ, ಒಂದೊಂದು ತುಂಡಿಗೂ ವಿಳಾಸವನ್ನು ಬರೆದು, ಬರಿದಾದ ದಾರಿಯಲ್ಲಿ ಕಳುಹಿಸಬಹುದೆಂಬ ವಿಚಾರವನ್ನು ೧೯೬೦ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಇವರು ಪ್ರತ್ಯೇಕವಾಗಿ ಪ್ರತಿಪಾದಿಸಿದರು. ೧೯೬೯ರಲ್ಲಿ ಆರ್ಪಾನೆಟ್ ಜಾಲವು ಇದೇ ತತ್ತ್ವದ ಮೇಲೆ ನಡೆಯತೊಡಗಿತು. ಇಂಥ ಪೊಟ್ಟಣಗಳಲ್ಲಿ ಮಾತನ್ನು ತುಂಬುವ ಪ್ರಯೋಗಗಳಲ್ಲಿ ಡ್ಯಾನಿ ಕೋಹೆನ್ನನು ಪ್ರಮುಖನು. ೧೯೭೪ನೆಯ ಆಗಸ್ಟಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಒಂದು ಸಂಶೋಧನಾಲಯಕ್ಕೂ ಮೆಸಾಚುಸೆಟ್ಸಿನ ಲಿಂಕನ್ ಪ್ರಯೋಗಶಾಲೆಗೂ ನಡುವೆ ಜಾಲದ ಮೂಲಕ ಮಾತು ಸಂಚರಿಸಿತು.

ಇಲ್ಲಿ ಒಂದು ತೊಡಕಿದ್ದಿತು. ದೂರವಾಣಿ ಕೇಂದ್ರಗಳು ಮಾತನ್ನು ಸೆಕೆಂಡಿಗೆ ೮೦೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೮ ಅಂಕಗಳಲ್ಲಿ ಬರೆಯುತ್ತಿದ್ದುವು. ಅಂದರೆ ಸೆಕೆಂಡಿಗೆ ೬೪,೦೦೦ ಅಂಕಗಳು. ಅಂದಿನ ಜಾಲಕ್ಕೆ ಇದು ಹೊರಲಾರದ ಹೊರೆ. ಇದನ್ನು ತಗ್ಗಿಸಿದ ಉಪಾಯಕ್ಕೆ ರೇಖೀಯ ಪೂರ್ವಾನುಮಾನವೆಂದು ಹೆಸರು ಕೊಡಬಹುದು: ಧ್ವನಿಯ ಮುಂದಿನ ಅಳತೆಯನ್ನು ಹಿಂದಿನ ಕೆಲವು ಅಳತೆಗಳಿಂದ ಊಹಿಸಿ, ಊಹೆಗೆ ಬೇಕಾದ ಗುಣಕಗಳನ್ನು ಮಾತ್ರ ಕಳುಹಿಸುವುದು. ಜಪಾನಿನಲ್ಲಿ ಇಟಾಕುರ ಮತ್ತು ಸೈಟೊ ಇವರೂ, ಬೆಲ್ ಪ್ರಯೋಗಶಾಲೆಯಲ್ಲಿ ಬಿಷ್ಣು ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಇವರೂ ಇದರ ಪ್ರವರ್ತಕರು. ಈ ಅಟಲರು ೧೯೫೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ಸಂಪರ್ಕ ಶಾಸ್ತ್ರದ ಡಿಪ್ಲೊಮವನ್ನು ಪಡೆದವರು. ಅಮೆರಿಕಕ್ಕೆ ಹೋಗುವ ಮೊದಲು ಅಲ್ಲಿಯೇ ಕೆಲವು ಕಾಲ ಅಧ್ಯಾಪಕರಾಗಿದ್ದವರು. ೧೯೭೪ನೆಯ ಡಿಸೆಂಬರಿನಲ್ಲಿ ಈ ಕ್ರಮವನ್ನನುಸರಿಸಿ ಸೆಕೆಂಡಿಗೆ ಸುಮಾರು ೩೫೦೦ ಅಂಕಗಳಲ್ಲಿಯೇ ಮಾತನ್ನು ಜಾಲದಲ್ಲಿ ಸಾಗಿಸಲಾಯಿತು.

ಈ ಪ್ರಯೋಗಗಳಿಂದ ಮತ್ತೊಂದು ತತ್ತ್ವವೂ ಹೊರಪಟ್ಟಿತು. ಬರೆಹದ ಸಂದೇಶದಲ್ಲಿ ಒಂದಕ್ಷರವೂ ಕಳೆಯಕೂಡದು, ತಡವಾದರೆ ಚಿಂತೆಯಿಲ್ಲ. ಮಾತಿನಲ್ಲಿ ಇದಕ್ಕೆ ವಿಪರ್ಯಾಸ: ಚೂರೊಂದು ಕಳೆದರೆ ಕಿವಿಯು ಸಹಿಸಿಕೊಳ್ಳುವುದು, ತಡವಾದರೆ ಸಂಭಾಷಣೆಯೇ ಕೆಡುವುದು. ಕಳೆದುದನ್ನು ಮರಳಿ ತರಿಸುವ ಜವಾಬ್ದಾರಿಯಿಲ್ಲದ ಹಗುರವಾದ ಸಾಗಣೆಯ ನಿಯಮವೊಂದು ೧೯೮೦ರಲ್ಲಿ ಲಿಖಿತವಾಗುವುದಕ್ಕೆ ಮಾತಿನ ಈ ಸ್ವಭಾವವು ಒಂದು ಮುಖ್ಯ ಪ್ರೇರಣೆ. ಬರೆಹಕ್ಕೂ ಮಾತಿಗೂ ಇರುವ ಭೇದವನ್ನು ಯಂತ್ರವೂ ಹೀಗೆ ಗುರುತಿಸಬೇಕಾಯಿತೆಂಬುದು ಭಾಷಾವ್ಯಾಸಂಗಿಗಳಿಗೆ ಸ್ವಾರಸ್ಯವಾದ ಸಂಗತಿ.

೫

ಪ್ರಯೋಗಶಾಲೆಯಿಂದ ಮನೆಗೆ ಬರಲು ಇಪ್ಪತ್ತು ವರ್ಷಗಳು ಹಿಡಿದುವು. ೧೯೯೫ನೆಯ ಫೆಬ್ರವರಿಯಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪೆನಿಯ 'ಇಂಟರ್‌ನೆಟ್ ಫೋನ್' ಮಾರುಕಟ್ಟೆಗೆ ಬಂದಿತು. ಮಾತನಾಡುವ ಇಬ್ಬರೂ ಗಣಕಗಳ ಮುಂದೆ ಕುಳಿತಿರಬೇಕಾಗಿದ್ದಿತು. ಗಣಕದ ಧ್ವನಿಫಲಕವು ಸಾಧಾರಣವಾದುದಾದರೆ ಒಬ್ಬನು ನಿಲ್ಲಿಸಿದ ಮೇಲೆಯೇ ಮತ್ತೊಬ್ಬನು ಮಾತನಾಡಬೇಕಾಗಿದ್ದಿತು. ೧೯೯೬ರಲ್ಲಿ ಎಚ್. ೩೨೩ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯೂ, ೧೯೯೯ರಲ್ಲಿ ಅದಕ್ಕಿಂತ ಸರಳವಾದ 'ಸಿಪ್' ಎಂಬ ನಿಯಮಾವಳಿಯೂ ಪ್ರಕಟವಾದುವು. ಅದೇ ೧೯೯೯ರಲ್ಲಿ ಮಾರ್ಕ್ ಸ್ಪೆನ್ಸರನು 'ಆಸ್ಟರಿಸ್ಕ್' ಎಂಬ ಮುಕ್ತ ತಂತ್ರಾಂಶವನ್ನು ರಚಿಸಿ, ಸಾಧಾರಣವಾದ ಗಣಕವನ್ನೇ ಒಂದು ವಿನಿಮಯಕೇಂದ್ರವನ್ನಾಗಿ ಮಾಡುವ ದಾರಿಯನ್ನು ತೋರಿಸಿದನು. ಇನ್ನು ಉಳಿದುದು, ಮನೆಯಲ್ಲಿದ್ದ ಹಳೆಯ ದೂರವಾಣಿಯನ್ನೇ ಹೊಸ ಜಾಲಕ್ಕೆ ಹೊಂದಿಸುವ ಕಾರ್ಯ. ಇದನ್ನು ಸಾಧಿಸಿದ ಪೆಟ್ಟಿಗೆಗಳಲ್ಲಿ ೨೦೦೩ರಲ್ಲಿ ಹುಟ್ಟಿದ ಸಿಪುರ ಕಂಪೆನಿಯ ಎಸ್. ಪಿ. ಎ. ೩೦೦೦ ಎಂಬುದನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು.

ಈ ಪೆಟ್ಟಿಗೆಯಲ್ಲಿ ದೂರವಾಣಿಯ ಕಿಂಡಿಗಳು ಎರಡು. ನೋಡಲು ಒಂದೇ ತೆರನಾದರೂ ಸ್ವಭಾವದಲ್ಲಿ ಅವು ಪರಸ್ಪರ ವಿರುದ್ಧ. ಒಂದು ಕಿಂಡಿಗೆ ಮನೆಯ ದೂರವಾಣಿಯನ್ನು ಸಿಕ್ಕಿಸುವುದು. ಇಲ್ಲಿ ಪೆಟ್ಟಿಗೆಯು ತಾನೇ ವಿನಿಮಯಕೇಂದ್ರದ ವೇಷವನ್ನು ತೊಟ್ಟು, ಒತ್ತಡವನ್ನು ಕೊಟ್ಟು, ಡಯಲ್ ನಾದವನ್ನು ಕೇಳಿಸಿ, ಗಂಟೆಯನ್ನು ಬಾರಿಸುವುದು. ಮತ್ತೊಂದು ಕಿಂಡಿಗೆ ಗೋಡೆಯಿಂದ ಬರುವ ತಂತಿಯನ್ನು ಸಿಕ್ಕಿಸುವುದು. ಅಲ್ಲಿ ಅದು ಚಂದಾದಾರನ ಉಪಕರಣದ ವೇಷವನ್ನು ತೊಟ್ಟು, ಗಂಟೆಯನ್ನು ಕೇಳಿಸಿಕೊಂಡು, ರಿಸೀವರನ್ನು ಎತ್ತಿದಂತೆ ನಟಿಸುವುದು. ಒಂದೇ ಪಾತ್ರಧಾರಿಯು ಎರಡು ಕಡೆಗೆ ಎರಡು ಮುಖವನ್ನು ತೋರಿಸಿದಂತೆ. ಮೂರನೆಯ ಕಿಂಡಿಯು ಅಂತರ್ಜಾಲಕ್ಕೆ.

ಇವುಗಳನ್ನು ಕೂಡಿಸುವಾಗ ಮೊದಲು ಮಾಡಬೇಕಾದ ಕಾರ್ಯವೊಂದಿದ್ದಿತು. ಮನೆಯ ಎಲ್ಲ ಕೊಠಡಿಗಳ ದೂರವಾಣಿಗಳೂ ಪೆಟ್ಟಿಗೆಯಿಂದಲೇ ನಡೆಯಬೇಕಾದರೆ, ಒಳಗಿನ ತಂತಿಯನ್ನು ಹೊರಗಿನ ಕಂಪೆನಿಯ ತಂತಿಯಿಂದ ಮನೆಯ ಹೊರಗೋಡೆಯಲ್ಲಿಯೇ ಬಿಡಿಸಬೇಕು. ಹಾಗೆ ಮಾಡದಿದ್ದರೆ ಪೆಟ್ಟಿಗೆಯ ಒತ್ತಡವೂ ಕೇಂದ್ರದ ಒತ್ತಡವೂ ಒಂದೇ ತಂತಿಯಲ್ಲಿ ಎದುರಾಗಿ ಪೆಟ್ಟಿಗೆಯು ಕೆಡುವುದು. ಕೇಂದ್ರದಿಂದ ಗಂಟೆಯ ಪ್ರವಾಹವು ಬಂದರಂತೂ ಕೇಳಬೇಕಾದುದೇ ಇಲ್ಲ. ಹಿಂದೆ ಕಂಪೆನಿಯ ನೌಕರನಲ್ಲದೆ ಬೇರಾರೂ ಮುಟ್ಟದಿದ್ದ ಗಂಟನ್ನು ಈಗ ಗೃಹಸ್ಥನೇ ಬಿಚ್ಚಿದನು. ಪೆಟ್ಟಿಗೆಯ ಬಲಕ್ಕೂ ಮಿತಿಯುಂಟು. ಹಳೆಯ ಕಾಲದ ನಿಜವಾದ ಲೋಹದ ಗಂಟೆಗಳುಳ್ಳ ನಾಲ್ಕಾರು ದೂರವಾಣಿಗಳನ್ನು ಒಟ್ಟಿಗೆ ಬಾರಿಸುವ ಶಕ್ತಿಯು ಅದಕ್ಕೆ ಕಷ್ಟದಿಂದ ಒದಗುವುದು.

ಅನಂತರ ಬರುವುದು ಡಯಲ್ ಮಾಡುವ ಯೋಜನೆ. ಮನೆಯವನು ಒತ್ತಿದ ಸಂಖ್ಯೆಯನ್ನು ನೋಡಿ, ಇದು ಪರದೇಶದ್ದಾದರೆ ಅಂತರ್ಜಾಲಕ್ಕೆ, ಸ್ಥಳೀಯವಾದರೆ ತಂತಿಗೆ, ತುರ್ತುಕರೆಯಾದರೆ ತಪ್ಪದೆ ತಂತಿಗೆ ಎಂದು ವಿಂಗಡಿಸುವ ನಿಯಮಗಳನ್ನು ಅವನೇ ಬರೆದಿಡಬೇಕಾಗಿದ್ದಿತು. ಸ್ಟ್ರೌಜರನ ಕಾಲದಿಂದ ಕೇಂದ್ರದ ಸ್ವತ್ತಾಗಿದ್ದ ಬುದ್ಧಿಯು ಹೀಗೆ ಮೇಜಿನ ಮೇಲಿನ ಪೆಟ್ಟಿಗೆಗೆ ಇಳಿಯಿತು.

ಇದರೊಡನೆ ಕೇಂದ್ರದ ಎಂಜಿನಿಯರುಗಳ ಹಳೆಯ ಕ್ಲೇಶಗಳೂ ಮನೆಗೆ ಬಂದುವು. ಮೊದಲನೆಯದು ಪ್ರತಿಧ್ವನಿ. ಎರಡು ತಂತಿಗಳ ಮನೆಯ ಮಾರ್ಗವು, ಹೋಗುವ ಮಾತನ್ನೂ ಬರುವ ಮಾತನ್ನೂ ಬೇರ್ಪಡಿಸಿದ ಮಾರ್ಗವನ್ನು ಸೇರುವೆಡೆಯಲ್ಲಿ ಮಾತಿನ ಒಂದಂಶವು ಹಿಂದಿರುಗುವುದು. ವಿಳಂಬವಿಲ್ಲದ ಸ್ಥಳೀಯ ಕರೆಯಲ್ಲಿ ಅದು ಕಿವಿಗೆ ಗೊತ್ತಾಗದು. ಅಂತರ್ಜಾಲದ ವಿಳಂಬವು ಸೇರಿದೊಡನೆ ತನ್ನ ಮಾತೇ ತನಗೆ ಮರಳಿ ಕೇಳಿಸುವುದು. ಒಂದು ದಿಕ್ಕಿನ ವಿಳಂಬವು ೧೫೦ ಮಿಲಿಸೆಕೆಂಡಿನೊಳಗಿದ್ದರೆ ಉತ್ತಮವೆಂದು ಅಂತರರಾಷ್ಟ್ರೀಯ ಸಂಸ್ಥೆಯ ಮತ. ಎರಡನೆಯದು, ಕರೆಯು ಮುಗಿದುದನ್ನು ತಿಳಿಯುವ ಕಷ್ಟ. ಆಚೆಯವನು ರಿಸೀವರನ್ನು ಇಟ್ಟನೆಂಬ ಸೂಚನೆಯು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಾದಗಳಿಗೆ ಹೊಂದಿಸಿದ ಪೆಟ್ಟಿಗೆಯು ಅನ್ಯದೇಶದಲ್ಲಿ ಮುಗಿದ ಕರೆಯನ್ನೂ ಹಿಡಿದುಕೊಂಡೇ ಕುಳಿತಿರುವುದು. ಕರೆದವನ ಸಂಖ್ಯೆಯು ಅಮೆರಿಕದಲ್ಲಿ ಮೊದಲ ಎರಡು ಗಂಟೆಗಳ ನಡುವೆಯೂ, ಇಂಗ್ಲೆಂಡಿನಲ್ಲಿ ಮೊದಲ ಗಂಟೆಗೆ ಮುಂಚೆಯೂ ಬರುವುದು. ತಂತಿಯ ಜಾಲಕ್ಕೂ ಹೀಗೆ ಪ್ರಾದೇಶಿಕ ಉಪಭಾಷೆಗಳುಂಟೆಂಬುದು ಹೊಸ ಜಾಲದೊಡನೆ ಕೂಡಿಸುವಾಗ ಪ್ರಕಟವಾಯಿತು.

ಮೂರನೆಯದು ಹೊರೆಯ ಲೆಕ್ಕ. ೨೦ ಮಿಲಿಸೆಕೆಂಡಿನ ಮಾತು ಪೂರ್ಣಪ್ರಮಾಣದಲ್ಲಿ ೧೬೦ ಬೈಟುಗಳು. ಅದರ ಮೇಲಿನ ವಿಳಾಸವೇ ೪೦ ಬೈಟುಗಳು. ಸೆಕೆಂಡಿಗೆ ೫೦ ಪೊಟ್ಟಣಗಳಂತೆ ಒಟ್ಟು ೮೦,೦೦೦ ಅಂಕಗಳಾಗುವುವು. ೧೯೯೬ರ ಜಿ. ೭೨೯ ಎಂಬ ಸಂಕೋಚಕ್ರಮವನ್ನು ಬಳಸಿದರೆ ಮಾತು ೨೦ ಬೈಟಿಗೆ ಇಳಿಯುವುದು. ವಿಳಾಸವು ಮಾತ್ರ ೪೦ ಬೈಟಾಗಿಯೇ ನಿಲ್ಲುವುದು. ಒಕ್ಕಣೆಗಿಂತ ಲಕ್ಕೋಟೆಯೇ ಎರಡರಷ್ಟು ಭಾರ! ಆದರೂ ಒಟ್ಟು ೨೪,೦೦೦ಕ್ಕೆ ಇಳಿಯುವುದರಿಂದ, ಹೊರಹೋಗುವ ದಾರಿಯು ಕಿರಿದಾಗಿದ್ದ ಆ ಕಾಲದ ಮನೆಗಳಲ್ಲಿ ಇದು ಉಪಕಾರಿಯಾಯಿತು.

೬

ಭಾರತದಲ್ಲಿ ಈ ಸಹವಾಸವು ಏಕೆ ಬೆಳೆಯಲಿಲ್ಲವೆಂಬುದಕ್ಕೆ ತಂತ್ರದಲ್ಲಿ ಅಲ್ಲ, ನಿಯಮದಲ್ಲಿ ಉತ್ತರವುಂಟು. ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಅಂತರ್ಜಾಲವನ್ನು ಸಾರ್ವಜನಿಕರಿಗೆ ಒದಗಿಸಿತು. ಆದರೆ ೧೯೯೯ರ ದೂರಸಂಪರ್ಕ ನೀತಿಯು ಅಂತರ್ಜಾಲ ದೂರವಾಣಿಗೆ ಸದ್ಯಕ್ಕೆ ಅನುಮತಿಯಿಲ್ಲವೆಂದು ಸಾರಿತು. ೨೦೦೨ನೆಯ ಏಪ್ರಿಲ್ ೧ರಿಂದ ಅನುಮತಿಯು ಬಂದಿತು. ಗಣಕದಿಂದ ಗಣಕಕ್ಕೂ, ಇಲ್ಲಿಯ ಗಣಕದಿಂದ ಪರದೇಶದ ದೂರವಾಣಿಗೂ ಮಾತನಾಡಬಹುದಾಯಿತು. ಭಾರತದೊಳಗಣ ಸಾರ್ವಜನಿಕ ದೂರವಾಣಿಯ ಜಾಲಕ್ಕೆ ಮಾತ್ರ ಅಂತರ್ಜಾಲದ ಕರೆಯನ್ನು ಜೋಡಿಸಕೂಡದು. ಎರಡು ಕಿಂಡಿಗಳ ಪೆಟ್ಟಿಗೆಯು ಮಾಡುತ್ತಿದ್ದ ಕಾರ್ಯವು ಕೃತ್ಸ್ನವಾಗಿ ಇದೇ. ಪರದೇಶದ ಕರೆಗಳ ಆದಾಯವು ಸೋರಿಹೋಗಬಾರದೆಂಬುದೂ, ಕರೆಯ ಮೂಲವನ್ನು ಪತ್ತೆಹಚ್ಚಲು ಸಾಧ್ಯವಿರಬೇಕೆಂಬುದೂ ಈ ನಿಷೇಧದ ಹಿಂದಿದ್ದ ಕಾರಣಗಳು. ೨೦೧೭ರ ಅಕ್ಟೋಬರಿನಲ್ಲಿ ನಿಯಂತ್ರಣ ಪ್ರಾಧಿಕಾರವು ಮಾಡಿದ ಶಿಫಾರಸಿನ ಮೇಲೆ, ೨೦೧೮ನೆಯ ಜೂನ್ ತಿಂಗಳಲ್ಲಿ, ಪರವಾನಗಿ ಪಡೆದ ಕಂಪೆನಿಗಳು ಸಂಖ್ಯೆಯನ್ನು ಕೊಟ್ಟು ಅಂತರ್ಜಾಲ ದೂರವಾಣಿಯನ್ನು ನಡೆಸಲು ಅವಕಾಶವಾಯಿತು. ಆ ವೇಳೆಗೆ ಸಂಚಾರಿ ದೂರವಾಣಿಯು ಮನೆಯ ತಂತಿಯನ್ನು ಹಿಂದಕ್ಕೆ ಸರಿಸಿಯಾಗಿದ್ದಿತು.

ಇಷ್ಟಾದರೂ ಈ ಪದ್ಧತಿಯ ಫಲವು ಕನ್ನಡಿಗರಿಗೆ ಬೇರೊಂದು ದಾರಿಯಿಂದ ಮುಟ್ಟಿತು. ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆಸಿದ ಮಕ್ಕಳು ತಮ್ಮ ಮನೆಯ ಪೆಟ್ಟಿಗೆಯಿಂದ ಅಗ್ಗದ ದರದಲ್ಲಿ ಊರಿನ ದೂರವಾಣಿಗೆ ಕರೆಮಾಡತೊಡಗಿದರು. ಇಲ್ಲಿ ತಂದೆತಾಯಿಗಳು ಎತ್ತುತ್ತಿದ್ದುದು ಅದೇ ಹಳೆಯ ರಿಸೀವರನ್ನು. ೨೦೦೩ನೆಯ ಆಗಸ್ಟಿನಲ್ಲಿ ಹೊರಬಂದ ಸ್ಕೈಪ್ ಈ ಸೌಕರ್ಯವನ್ನು ಪೆಟ್ಟಿಗೆಯಿಲ್ಲದವರಿಗೂ ವಿಸ್ತರಿಸಿತು. ಅದೂ ೨೦೨೫ನೆಯ ಮೇ ತಿಂಗಳಲ್ಲಿ ನಿಂತುಹೋಯಿತು.

೭

ಈಗ ಉಳಿದ ಎರಡು ಬಂಧಗಳನ್ನು ನೋಡೋಣ. ಇವುಗಳ ಸಡಿಲಿಕೆಯಲ್ಲಿಯೇ ನಷ್ಟವು ಹೆಚ್ಚಾಗಿ ಕಾಣುವುದು. ತಂತಿಯ ಸಂಖ್ಯೆಯು ಒಂದು ಮನೆಯನ್ನು ಸೂಚಿಸುತ್ತಿದ್ದಿತು. ಅಂತರ್ಜಾಲದ ಸಂಖ್ಯೆಯು ಪೆಟ್ಟಿಗೆಯೊಡನೆ ಎಲ್ಲಿಗೆ ಬೇಕಾದರೂ ಹೋಗುವುದು. ಇದರಿಂದ, ಬೆಂಕಿಯೋ ಕಾಯಿಲೆಯೋ ಸಂಭವಿಸಿ ೯೧೧ಕ್ಕೆ ಕರೆಮಾಡಿದಾಗ, ಕರೆಯು ಎಲ್ಲಿಂದ ಬಂದಿತೆಂಬುದು ಸಹಾಯಕರಿಗೆ ತಿಳಿಯದ ಸ್ಥಿತಿಯುಂಟಾಯಿತು. ೨೦೦೫ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ಸಾರ್ವಜನಿಕ ಜಾಲದೊಡನೆ ಕೂಡಿದ ಅಂತರ್ಜಾಲ ದೂರವಾಣಿಯ ಕಂಪೆನಿಗಳೆಲ್ಲವೂ ೧೨೦ ದಿನಗಳೊಳಗೆ ಚಂದಾದಾರನ ವಿಳಾಸದೊಡನೆ ತುರ್ತುಕರೆಯನ್ನು ಮುಟ್ಟಿಸುವ ಏರ್ಪಾಡನ್ನು ಮಾಡಬೇಕೆಂದು ಆಜ್ಞಾಪಿಸಿತು. ಆದರೂ ವಿಳಾಸವನ್ನು ತಿಳಿಸುವ, ಮನೆ ಬದಲಿಸಿದಾಗ ತಿದ್ದಿಸುವ ಹೊಣೆಯು ಚಂದಾದಾರನ ಮೇಲೆಯೇ ಬಿದ್ದಿತು.

ಶಕ್ತಿಯ ಬಂಧದ ಚರಿತ್ರೆಯು ಒಂದು ಸುತ್ತನ್ನು ಪೂರೈಸಿದೆ. ೧೮೮೨ರಲ್ಲಿ ಮನೆಯಲ್ಲಿದ್ದ ಬ್ಯಾಟರಿಯು ಕೇಂದ್ರಕ್ಕೆ ಹೋಯಿತು. ನೂರು ವರ್ಷಗಳ ಮೇಲೆ ಅಂತರ್ಜಾಲದೊಡನೆ ಮರಳಿ ಮನೆಗೆ ಬಂದಿತು. ಮನೆಯ ವಿದ್ಯುತ್ತು ನಿಂತರೆ ಪೆಟ್ಟಿಗೆಯೂ ನಿಲ್ಲುವುದು. ಎಸ್. ಪಿ. ಎ. ೩೦೦೦ವನ್ನು ರಚಿಸಿದವರು ಇದನ್ನು ಅರಿತಿದ್ದರು. ವಿದ್ಯುತ್ತು ಹೋದೊಡನೆ ಒಳಗಿನ ಒಂದು ಕೊಂಡಿಯು ತಾನಾಗಿ ಬಿದ್ದು, ಮನೆಯ ದೂರವಾಣಿಯನ್ನು ನೇರವಾಗಿ ತಂತಿಗೆ ಕೂಡಿಸುತ್ತಿದ್ದಿತು. ಹೊಸದು ಮೂರ್ಛೆಹೋದಾಗ ಹಳೆಯದು ಎದ್ದು ನಿಲ್ಲುವಂತೆ ಮಾಡಿದ ಈ ಕೊಂಡಿಯೇ ಸಹವಾಸದ ನಿಜವಾದ ಅರ್ಥವನ್ನು ತಿಳಿಸುವುದೆಂದು ನನಗೆ ತೋರುತ್ತದೆ. ಅದು ಬೀಳಬೇಕಾದರೆ ಕೆಳಗೆ ಹಿಡಿಯಲು ತಂತಿಯಿರಬೇಕು. ತಂತಿಯೇ ಇಲ್ಲದ ಮನೆಗಳಿಗಾಗಿ ೨೦೧೫ರಲ್ಲಿ ಅಮೆರಿಕದ ಆಯೋಗವು, ಕೇಳಿದವರಿಗೆ ೮ ಗಂಟೆಗಳ ಕಾಲ ಸಾಲುವ ಬ್ಯಾಟರಿಯನ್ನು ಕ್ರಯಕ್ಕೆ ಒದಗಿಸಬೇಕೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಹಳೆಯ ಜಾಲವನ್ನು ೨೦೨೫ನೆಯ ಡಿಸೆಂಬರಿಗೆ ಮುಗಿಸಬೇಕೆಂದು ಮೊದಲು ಗೊತ್ತುಮಾಡಿದ್ದರು. ಆಪತ್ಕಾಲದಲ್ಲಿ ಗುಂಡಿಯನ್ನೊತ್ತಿ ಸಹಾಯವನ್ನು ಬೇಡುವ ವೃದ್ಧರ ಮತ್ತು ರೋಗಿಗಳ ಸಾಧನಗಳು ಆ ತಂತಿಯನ್ನೇ ನೆಚ್ಚಿದ್ದುದರಿಂದ ಗಡುವನ್ನು ೨೦೨೭ನೆಯ ಜನವರಿಗೆ ಮುಂದೂಡಬೇಕಾಯಿತು.

೮

ಕಡೆಯದಾಗಿ ಒಂದು ಶಬ್ದದ ವಿಚಾರ. ಹಿಂದೆ 'ದೂರವಾಣಿ' ಎಂದರೆ ಸಾಕಾಗಿದ್ದಿತು; ಬೇರೆ ಜಾತಿಯ ದೂರವಾಣಿಗಳು ಬಂದ ಮೇಲೆ ಅದಕ್ಕೆ 'ಸ್ಥಿರ'ವೆಂಬ ವಿಶೇಷಣವನ್ನು ಕೂಡಿಸಬೇಕಾಯಿತು. ತನಗೆ ವಿಶೇಷಣವು ಬೇಕಾಗುವವರೆಗೆ ಯಾವ ವಸ್ತುವಿನ ಗುಣವೂ ಗಮನಕ್ಕೆ ಬರುವುದಿಲ್ಲ. ಸ್ಥಿರತೆಯು ಒಂದು ಗುಣವೆಂದು, ಅದನ್ನು ಯಾರೋ ದುಡಿದು ಕಾಪಾಡುತ್ತಿದ್ದರೆಂದು ನಮಗೆ ತಿಳಿದುದು ಅದು ಸಡಿಲವಾದ ಮೇಲೆಯೇ.

ಮೇಲಿನ ವಿವೇಚನೆಯಿಂದ ಸಿದ್ಧಿಸುವುದಿಷ್ಟು. ಉಪಕರಣದ ಒಡೆತನವು ಚಂದಾದಾರನಿಗೆ ಬಂದುದು ನಿಸ್ಸಂದೇಹವಾಗಿ ಲಾಭ. ಮಾತು ಅಗ್ಗವಾದುದೂ ಲಾಭ. ಆದರೆ ಒಡೆತನದೊಡನೆ ಹೊಣೆಯೂ ಬಂದಿತು. ದಾರಿಯನ್ನು ಆರಿಸುವುದು, ವಿಳಾಸವನ್ನು ತಿಳಿಸುವುದು, ಬ್ಯಾಟರಿಯನ್ನು ಕಾಯುವುದು, ಇವೆಲ್ಲವೂ ಕೇಂದ್ರದಿಂದ ಮನೆಗೆ ದಾಟಿದುವು. ಬಲ್ಲವನಿಗೆ ಇದು ಸ್ವಾತಂತ್ರ್ಯ, ಅರಿಯದವನಿಗೆ ಅಪಾಯ. ಎರಡು ಪದ್ಧತಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ್ದ ಕಾಲದಲ್ಲಿ ಈ ಇಬ್ಬರಿಗೂ ರಕ್ಷಣೆಯಿದ್ದಿತು. ತಂತಿಯನ್ನು ಕಿತ್ತುಹಾಕುವ ದೇಶಗಳು, ಆ ತಂತಿಯು ಮೌನವಾಗಿ ಹೊತ್ತಿದ್ದ ಹೊಣೆಯನ್ನು ಇನ್ನು ಮುಂದೆ ಯಾರು ಹೊರಬೇಕೆಂಬುದನ್ನು ಮೊದಲು ಗೊತ್ತುಮಾಡತಕ್ಕದ್ದು.